ಪಾರ್ಕಿಂಗ್ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿ: ಸವಾನ್ನಾಕ್ಕೆ ಹದಿನೈದು ಕಾರುಗಳ ಪ್ರವಾಸ

ಪ್ರಶ್ನೆ: ನಾವು ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟ್ಟಾದಲ್ಲಿ ನೆಲೆಸಿದ್ದೇವೆ. ನಾನಿರುವ ಕಾರ್ ಕ್ಲಬ್ಬಿನಲ್ಲಿ ಹೆಚ್ಚಿನವು ಇಪ್ಪತ್ತು ಮೂವತ್ತು ವರ್ಷ ಹಳೆಯ, ಎರಡು ಸೀಟಿನ ಕಾರುಗಳು. ಸದಸ್ಯರಲ್ಲಿ ಮೂರ್ನಾಲ್ಕು ಕನ್ನಡಿಗ ಕುಟುಂಬಗಳೂ ಇವೆ. ಬರುವ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಹದಿನೈದು ಕಾರುಗಳು ಸೇರಿ ಸವಾನ್ನಾಕ್ಕೆ ಮೂರು ದಿನದ ಪ್ರವಾಸ ಹೋಗುವುದೆಂದು ತೀರ್ಮಾನವಾಗಿ, ಏರ್ಪಾಟಿನ ಹೊಣೆ ನನ್ನ ಹೆಗಲಿಗೆ ಬಂದಿದೆ. ಎಲ್ಲ ಕಾರುಗಳೂ ಸಾಲಾಗಿ ಹಳೆಯ ಊರನ್ನು ಪ್ರವೇಶಿಸಬೇಕೆಂಬುದು ಎಲ್ಲರ ಆಸೆ. ದಾರಿ, ವಸತಿ, ಊರೊಳಗಿನ ಓಡಾಟ ಇವುಗಳಲ್ಲಿ ಯಾವುದರಿಂದ ಆರಂಭಿಸಲಿ?

ಉತ್ತರ: ನೀವು ಕೊನೆಯಲ್ಲಿ ಹೇಳಿದ ಆಸೆಯಿಂದಲೇ ಆರಂಭಿಸೋಣ, ಏಕೆಂದರೆ ಅದನ್ನು ಕೈಬಿಟ್ಟರೆ ಉಳಿದ ಏರ್ಪಾಟು ಅರ್ಧಕ್ಕರ್ಧ ಸುಲಭವಾಗುತ್ತದೆ. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಹಾಕಿಕೊಟ್ಟ ನಕ್ಷೆಯ ಮೇಲೆಯೇ ಸವಾನ್ನಾದ ಹಳೆಯ ಭಾಗ ಇಂದಿಗೂ ನಿಂತಿದೆ. ಪ್ರತಿಯೊಂದು ಬಡಾವಣೆಯ ನಡುವೆ ಮರಗಳಿಂದ ತುಂಬಿದ ಒಂದು ಚೌಕವಿದ್ದು, ಅಂಥ 24 ಚೌಕಗಳಲ್ಲಿ 22 ಉಳಿದುಕೊಂಡಿವೆ. ವಾಹನಗಳು ಪ್ರತಿ ಚೌಕವನ್ನೂ ಎಡಕ್ಕೆ ಬಿಟ್ಟುಕೊಂಡು ಒಂದೇ ದಿಕ್ಕಿನಲ್ಲಿ ಸುತ್ತಿ ಮುಂದೆ ಸಾಗಬೇಕು. ಅಡಿಗಡಿಗೆ ಪಾದಚಾರಿಗಳು ದಾಟುತ್ತಿರುತ್ತಾರೆ, ಪ್ರವಾಸಿಗರ ಟ್ರಾಲಿಗಳು ನಿಂತಿರುತ್ತವೆ. ಇಲ್ಲಿ ಹದಿನೈದು ಕಾರುಗಳ ಸಾಲು ಎರಡನೆಯ ಚೌಕಕ್ಕೆ ಬರುವಷ್ಟರಲ್ಲೇ ನಾಲ್ಕು ತುಂಡಾಗುತ್ತದೆ, ಹಿಂದೆ ಉಳಿದವರು ಮುಂದಿನವರನ್ನು ಹಿಡಿಯುವ ಆತುರದಲ್ಲಿ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಒಟ್ಟಾಗಿ ಸಿಗ್ನಲ್ ದಾಟುವ ಸೌಲಭ್ಯವನ್ನು ಕಾನೂನು ಶವಯಾತ್ರೆಗೆ ಕೊಟ್ಟಿದೆಯೇ ಹೊರತು ಕಾರ್ ಕ್ಲಬ್ಬಿಗೆ ಕೊಟ್ಟಿಲ್ಲ. ಆದ್ದರಿಂದ ಸಾಲು ಊರಿನ ಅಂಚಿನಲ್ಲೇ ಮುಗಿಯಲಿ, ಊರೊಳಗೆ ಎಲ್ಲರೂ ನಡೆದು ಹೋಗಲಿ. ಹದಿನೈದು ಕಾರುಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ವಸತಿ, ದಿನಾಂಕ ಮತ್ತು ದಾರಿಯನ್ನು ನಿರ್ಧರಿಸುತ್ತ ಬರುವುದು ಸರಿಯಾದ ಕ್ರಮ.

ನಿಲುಗಡೆಯ ವಿಷಯದಲ್ಲಿ ಈ ಊರಿಗೇ ಒಂದು ಸ್ವಾರಸ್ಯಕರ ಇತಿಹಾಸವಿದೆ. ಎಲಿಸ್ ಚೌಕದಲ್ಲಿದ್ದ ಹಳೆಯ ಮಾರುಕಟ್ಟೆಯ ಕಟ್ಟಡವನ್ನು 1954ರಲ್ಲಿ ಕೆಡವಿ ಅಲ್ಲಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಿದರು. ಅದರಿಂದ ಊರಿನವರಿಗೆ ಬಂದ ಸಿಟ್ಟು ಎಷ್ಟೆಂದರೆ, ಮರುವರ್ಷವೇ ಡ್ಯಾವೆನ್‌ಪೋರ್ಟ್ ಎಂಬ ಹಳೆಯ ಮನೆಯೂ ನೆಲಸಮವಾಗಲಿದೆ ಎಂದು ತಿಳಿದಾಗ ಏಳು ಮಂದಿ ಮಹಿಳೆಯರು ಸೇರಿ ಹಿಸ್ಟಾರಿಕ್ ಸವಾನ್ನಾ ಫೌಂಡೇಶನ್ ಕಟ್ಟಿ ಆ ಮನೆಯನ್ನು ಉಳಿಸಿಕೊಂಡರು. ನಾವಿಂದು ನೋಡಲು ಹೋಗುವ ಹಳೆಯ ಊರು ಇಷ್ಟರಮಟ್ಟಿಗೆ ಉಳಿದಿರುವುದಕ್ಕೆ ಆ ಸಿಟ್ಟೇ ದೊಡ್ಡ ಕಾರಣ. ಪಾರ್ಕಿಂಗ್ ಕಟ್ಟಡವನ್ನು ಮುಂದೆ ಕೆಡವಿ, ನಿಲುಗಡೆಯನ್ನು ನೆಲದಡಿಗೆ ಇಳಿಸಿ, 2010ರಲ್ಲಿ ಚೌಕವನ್ನು ಮತ್ತೆ ಜನರಿಗೆ ಬಿಟ್ಟುಕೊಟ್ಟರು. ಕಾರ್ ಕ್ಲಬ್ಬಿನವರು ಈ ಊರಿಗೆ ಹೋಗುವಾಗ ತಿಳಿದಿರಬೇಕಾದ ಕಥೆ ಇದು.

ಆ ನೆಲದಡಿಯ ಜಾಗವೂ ಸೇರಿದಂತೆ ನಗರಾಡಳಿತದ ಹಲವು ಪಾರ್ಕಿಂಗ್ ಕಟ್ಟಡಗಳು ಹಳೆಯ ಊರಿನಲ್ಲಿವೆ. ಆದರೆ ವಾರಾಂತ್ಯದ ಸಂಜೆ ಹದಿನೈದು ಕಾರುಗಳಿಗೆ ಒಂದೇ ಕಡೆ ಜಾಗ ಸಿಗುವುದನ್ನು ನಂಬಿಕೊಂಡು ಹೋಗಬಾರದು. ಹಳೆಯ ಊರಿನ ಹೋಟೆಲುಗಳಲ್ಲಿ ಬಹುಮಟ್ಟಿಗೆ ಬೀಗದ ಕೈಯನ್ನು ಅವರ ಚಾಲಕನಿಗೆ ಕೊಡುವ ವ್ಯವಸ್ಥೆ ಇರುತ್ತದೆ, ಹಳೆಯ ಕ್ಲಚ್ಚಿನ ಕಾರನ್ನು ಪರಿಚಯವಿಲ್ಲದವರ ಕೈಗೆ ಕೊಡಲು ನಿಮ್ಮ ಸದಸ್ಯರು ಒಪ್ಪಲಾರರು. ನನ್ನ ಸಲಹೆ ನದಿಯ ಆಚೆ ದಡದ ಹಚಿನ್ಸನ್ ದ್ವೀಪ. ಟಾಲ್ಮಜ್ ಸೇತುವೆಯ ಮೂಲಕ ಅಲ್ಲಿಗೆ ಹೋಗಿ ಕಾರುಗಳನ್ನು ನಿಲ್ಲಿಸಿದರೆ, ಅಲ್ಲಿಂದ ರಿವರ್ ಸ್ಟ್ರೀಟಿಗೆ ಉಚಿತ ದೋಣಿಯ ವ್ಯವಸ್ಥೆ ಇದೆ, ಕೆಲವೇ ನಿಮಿಷಗಳ ಪಯಣ. ಹಳೆಯ ಊರಿನೊಳಗೂ ಉಚಿತ ಬಸ್ಸು ಓಡಾಡುತ್ತದೆ. ಸಂಜೆಯ ಕೊನೆಯ ದೋಣಿ ಎಷ್ಟು ಗಂಟೆಗೆಂದು ಮಾತ್ರ ಎಲ್ಲರಿಗೂ ಬರೆದು ಕೊಡಿ. ದ್ವೀಪ ಬೇಡವೆನಿಸಿದರೆ ಹಳೆಯ ಊರಿನ ಪಶ್ಚಿಮ ಅಂಚಿನಲ್ಲಿ ತೆರೆದ ಪಾರ್ಕಿಂಗ್ ಇರುವ ಹೋಟೆಲನ್ನು ನೋಡಬಹುದು. ಎಲ್ಲಿಯೇ ಆಗಲಿ, ಒಳಹೋಗುವ ಇಳಿಜಾರು ಎಷ್ಟು ಕಡಿದಾಗಿದೆ, ರಾತ್ರಿ ದೀಪ ಮತ್ತು ಕಾವಲು ಇದೆಯೇ, ಕಾರುಗಳನ್ನು ಒಂದೇ ಕಡೆ ನಿಲ್ಲಿಸಲು ಬಿಡುತ್ತಾರೆಯೇ ಎಂಬುದನ್ನು ಮುಂಗಡ ಕೊಡುವ ಮುನ್ನ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಳಿಜಾರಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನದಿಯ ದಂಡೆ ಊರಿನ ಮಟ್ಟಕ್ಕಿಂತ ಬಹಳ ಕೆಳಗಿದೆ. ಬೇ ಸ್ಟ್ರೀಟಿನಿಂದ ರಿವರ್ ಸ್ಟ್ರೀಟಿಗೆ ಇಳಿಯುವ ದಾರಿಗಳಿಗೆ ಹಾಸಿರುವುದು, ಹಿಂದೆ ಹಡಗುಗಳು ತೂಕಕ್ಕಾಗಿ ಹೊಟ್ಟೆಯಲ್ಲಿ ತುಂಬಿಕೊಂಡು ಬಂದು ಇಲ್ಲಿ ಸುರಿದು, ಬದಲಿಗೆ ಹತ್ತಿ ಹೇರಿಕೊಂಡು ಹೋಗುತ್ತಿದ್ದ ಕಲ್ಲುಗಳನ್ನು. ಒಂದರಂತೆ ಒಂದಿಲ್ಲ, ಕೆಲವು ಮುಷ್ಟಿಗಾತ್ರ, ಕೆಲವು ತೆಂಗಿನಕಾಯಿಗಾತ್ರ, ನಡುನಡುವೆ ಅಂಗೈ ಹಿಡಿಸುವಷ್ಟು ಸಂದು. ಮಳೆ ಬಿದ್ದರೆ ಹಿಡಿತವೇ ಇರುವುದಿಲ್ಲ. ನೆಲಕ್ಕೆ ನಾಲ್ಕು ಬೆರಳು ಅಂತರದಲ್ಲಿ ಸೈಲೆನ್ಸರ್ ಇರುವ ನಿಮ್ಮ ಕಾರುಗಳು ಅಲ್ಲಿಗೆ ಇಳಿಯಲೇಬಾರದು. ಎತ್ತರ ಹಿಮ್ಮಡಿಯ ಚಪ್ಪಲಿಯೂ ಅಲ್ಲಿ ಬೇಡ ಎಂದು ಮನೆಯವರಿಗೆ ಹೇಳಿಡಿ.

ಹೋಟೆಲಿನೊಡನೆ ಗುಂಪಿನ ದರಕ್ಕೆ ಒಪ್ಪಂದ ಮಾಡಿಕೊಳ್ಳುವಾಗ ಎರಡು ಷರತ್ತುಗಳನ್ನು ಓದದೆ ಸಹಿ ಹಾಕಬೇಡಿ. ಕಾದಿರಿಸಿದ ಕೋಣೆಗಳನ್ನು ಯಾವ ದಿನಾಂಕದೊಳಗೆ ದಂಡವಿಲ್ಲದೆ ಬಿಟ್ಟುಕೊಡಬಹುದು ಎಂಬುದು ಒಂದು. ಕೋಣೆಗಳು ಭರ್ತಿಯಾಗದಿದ್ದರೆ ಉಳಿದವುಗಳ ಬಾಡಿಗೆ ಯಾರ ತಲೆಗೆ ಬರುತ್ತದೆ ಎಂಬುದು ಇನ್ನೊಂದು. ದರ ನಿಗದಿಯಾದ ಮೇಲೆ ಪ್ರತಿಯೊಬ್ಬರೂ ತಮ್ಮ ಕಾರ್ಡಿನಿಂದಲೇ ತಮ್ಮ ಕೋಣೆಯನ್ನು ಗೊತ್ತುಮಾಡಿಕೊಳ್ಳಲಿ. ಮೂವತ್ತು ಜನರ ಹಣವನ್ನು ಒಬ್ಬರ ಖಾತೆಯಲ್ಲಿ ಸಂಗ್ರಹಿಸುವುದು ಗೆಳೆತನಕ್ಕೆ ಒಳ್ಳೆಯದಲ್ಲ.

ದಿನಾಂಕ. ಚಂಡಮಾರುತದ ಕಾಲವನ್ನು ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಎಣಿಸುತ್ತಾರೆ, ಅಂದರೆ ನೀವು ಹೇಳುವ ಎರಡೂ ತಿಂಗಳು ಅದರೊಳಗೇ ಬರುತ್ತವೆ. ಅಕ್ಟೋಬರ್ 2016ರ ಮ್ಯಾಥ್ಯೂ ಚಂಡಮಾರುತದ ಸಂದರ್ಭದಲ್ಲಿ ಕರಾವಳಿಯನ್ನು ತೆರವು ಮಾಡಿಸಲು ಅಂತರರಾಜ್ಯ ಹೆದ್ದಾರಿ 16ರ ಎರಡೂ ಬದಿಗಳಲ್ಲಿ ವಾಹನಗಳನ್ನು ಪಶ್ಚಿಮಕ್ಕೇ ಬಿಟ್ಟರು. ಆ ಹೆದ್ದಾರಿಯ ಪ್ರವೇಶಗಳಲ್ಲಿ ನೀವು ಕಾಣುವ ಅಡ್ಡಗಂಬಗಳು ಅದಕ್ಕಾಗಿಯೇ ಇರುವಂಥವು. ಹೀಗಾಗಿ ಚಂಡಮಾರುತದ ಎಚ್ಚರಿಕೆ ಬಂದರೆ ಮುಂಗಡ ಮರಳಿಸುವ ಷರತ್ತನ್ನು ಹೋಟೆಲಿನಿಂದ ಕೇಳಿ ಪಡೆಯಿರಿ. ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಕಲಾ ವಿಶ್ವವಿದ್ಯಾಲಯದ ಚಲನಚಿತ್ರೋತ್ಸವವೂ ನವೆಂಬರ್ ಆರಂಭದಲ್ಲಿ ರಸ್ತೆಗಳನ್ನು ಮುಚ್ಚಿಸುವ ದೊಡ್ಡ ಓಟದ ಸ್ಪರ್ಧೆಯೂ ಬರುತ್ತವೆ, ಆ ವಾರಾಂತ್ಯಗಳನ್ನು ಬಿಡಿ. ಒಂದು ವೇಳೆ ವಸಂತಕ್ಕೆ ಮುಂದೂಡುವುದಾದರೆ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ಆಸುಪಾಸಿನಲ್ಲಿ ಆ ಕಡೆ ತಲೆಯನ್ನೂ ಹಾಕಬೇಡಿ. ಅಂದಿನ ಮೆರವಣಿಗೆ ದೇಶದ ಅತಿ ದೊಡ್ಡ ಮೆರವಣಿಗೆಗಳಲ್ಲಿ ಒಂದು. ನನ್ನನ್ನು ಕೇಳಿದರೆ ಅಕ್ಟೋಬರಿನ ಮಧ್ಯಭಾಗ ಉತ್ತಮ. ಸೆಕೆ ಇಳಿದಿರುತ್ತದೆ, ಗಡಿಯಾರಗಳನ್ನು ಹಿಂದಕ್ಕೆ ತಿರುಗಿಸುವ ನವೆಂಬರಿನ ಮೊದಲ ಭಾನುವಾರ ಇನ್ನೂ ಬಂದಿರುವುದಿಲ್ಲ. ಅದಾದ ಮೇಲೆ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಹಳ್ಳಿಯ ರಸ್ತೆಗಳಲ್ಲಿ ಜಿಂಕೆಗಳು ಅಡ್ಡಬರುವ ಹೊತ್ತೂ ಅದೇ.

ಇನ್ನು ದಾರಿ. ಅಟ್ಲಾಂಟಾದಿಂದ ಹೆದ್ದಾರಿ 75ರಲ್ಲಿ ಮೇಕನ್‌ವರೆಗೆ ಹೋಗಿ ಅಲ್ಲಿಂದ ಹೆದ್ದಾರಿ 16 ಹಿಡಿದರೆ ಒಟ್ಟು ಸುಮಾರು 250 ಮೈಲಿ, ನಾಲ್ಕು ಗಂಟೆಯಲ್ಲಿ ಸವಾನ್ನಾ. ಆದರೆ ಹೆದ್ದಾರಿ 16ರಂಥ ನೀರಸ ರಸ್ತೆ ಆ ಸೀಮೆಯಲ್ಲಿ ಇನ್ನೊಂದಿಲ್ಲ: ಎರಡು ಬದಿಗೂ ಪೈನ್ ಮರಗಳ ಗೋಡೆ, ನಡುವೆ ನೂರೈವತ್ತು ಮೈಲಿಗೂ ಹೆಚ್ಚು ನೇರ ಡಾಂಬರು. ಜೊತೆಗೆ ಸವಾನ್ನಾ ದೇಶದ ಅತಿ ನಿಬಿಡ ಕಂಟೈನರ್ ಬಂದರುಗಳಲ್ಲಿ ಒಂದಾದ್ದರಿಂದ ಲಾರಿಗಳ ಸಾಲು ತಪ್ಪುವುದೇ ಇಲ್ಲ. ತಲೆಯ ಮೇಲಿನ ಹೊದಿಕೆ ಮಡಚಿಕೊಂಡು ಹೋಗುವ ಸಣ್ಣ ಕಾರಿನಲ್ಲಿ ಎರಡು ಲಾರಿಗಳ ಮಧ್ಯೆ ಸಿಕ್ಕಿಕೊಂಡರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ.

ಹೋಗುವಾಗ ಹಳೆಯ ರಸ್ತೆಗಳನ್ನು ಹಿಡಿಯಿರಿ. ಹೆದ್ದಾರಿ 20ರಲ್ಲಿ ಪೂರ್ವಕ್ಕೆ ಮ್ಯಾಡಿಸನ್ ತಲುಪಿ, ಅಲ್ಲಿಂದ ಯು.ಎಸ್. 441ರಲ್ಲಿ ದಕ್ಷಿಣಕ್ಕೆ ಈಟನ್‌ಟನ್, ಮಿಲೆಜ್‌ವಿಲ್ ಹಾದು ಡಬ್ಲಿನ್, ಡಬ್ಲಿನ್‌ನಿಂದ ಯು.ಎಸ್. 80ರಲ್ಲಿ ಪೂರ್ವಕ್ಕೆ ಸ್ವೇನ್ಸ್‌ಬರೊ, ಸ್ಟೇಟ್ಸ್‌ಬರೊ ಮೂಲಕ ಸವಾನ್ನಾ. ಊಟಕ್ಕೂ ನೋಟಕ್ಕೂ ನಿಲ್ಲುವ ಹೊತ್ತು ಸೇರಿದರೆ ಬೆಳಗಿನಿಂದ ಸಂಜೆಯವರೆಗಿನ ಪಯಣ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಉತ್ತರದ ಪಡೆಯ ಜನರಲ್ ಶರ್ಮನ್ನನ ಸೈನ್ಯ ಅಟ್ಲಾಂಟಾದಿಂದ ಸಮುದ್ರದ ಕಡೆಗೆ ನಡೆದದ್ದು ಹೆಚ್ಚುಕಡಿಮೆ ಈ ಸೀಮೆಯ ಮೂಲಕವೇ. ಮ್ಯಾಡಿಸನ್ನಿನ ಹಳೆಯ ಮನೆಗಳು ಆಗ ಸುಡದೆ ಉಳಿದವು. ಮಿಲೆಜ್‌ವಿಲ್ ಆಗ ಜಾರ್ಜಿಯಾದ ರಾಜಧಾನಿಯಾಗಿತ್ತು, ಅಲ್ಲಿನ ಹಳೆಯ ಗವರ್ನರ್ ನಿವಾಸವನ್ನು ಇಂದೂ ಒಳಹೊಕ್ಕು ನೋಡಬಹುದು. ಶರ್ಮನ್ ಡಿಸೆಂಬರಿನಲ್ಲಿ ಸವಾನ್ನಾ ತಲುಪಿ, ಊರನ್ನು ಸುಡದೆ, ಕ್ರಿಸ್‌ಮಸ್ ಕಾಣಿಕೆಯೆಂದು ಅಧ್ಯಕ್ಷ ಲಿಂಕನ್ನರಿಗೆ ತಂತಿ ಕಳುಹಿಸಿದನು. ಈ ದಾರಿಯಲ್ಲಿ ಬಂದವರಿಗೆ ಊರು ತಲುಪುವ ಹೊತ್ತಿಗೆ ಅದರ ಅರ್ಧ ಚರಿತ್ರೆ ತಿಳಿದಿರುತ್ತದೆ.

ಪೆಟ್ರೋಲಿನ ನಿಲುಗಡೆಗಳನ್ನು ಗುಂಪಿನಲ್ಲಿ ಅತಿ ಸಣ್ಣ ಟ್ಯಾಂಕ್ ಇರುವ ಕಾರಿಗೆ ಹೊಂದಿಸಿ ಗುರುತಿಸಿ. ಮಿಲೆಜ್‌ವಿಲ್, ಡಬ್ಲಿನ್ ಮತ್ತು ಸ್ಟೇಟ್ಸ್‌ಬರೊ ಮೂರೂ ದೊಡ್ಡ ಊರುಗಳಾದ್ದರಿಂದ ಅಲ್ಲಿ ತೊಂದರೆಯಿಲ್ಲ. ಸಾಧ್ಯವಾದರೆ ಪ್ರವಾಸಕ್ಕೆ ಒಂದೆರಡು ತಿಂಗಳು ಮೊದಲು ನೀವೂ ಇನ್ನೊಬ್ಬರೂ ಒಂದು ಕಾರಿನಲ್ಲಿ ಇದೇ ದಾರಿಯನ್ನು ಪೂರ್ತಿ ಓಡಿಸಿ ಬನ್ನಿ. ಎಲ್ಲಿ ಹದಿನೈದು ಕಾರುಗಳು ಒಟ್ಟಿಗೆ ರಸ್ತೆಯಿಂದ ಇಳಿಯಬಹುದು, ಎಲ್ಲಿ ಕಾಮಗಾರಿ ನಡೆದಿದೆ, ಎಲ್ಲಿ ಮೂವತ್ತು ಜನರಿಗೆ ಶೌಚಾಲಯ ಸಿಗುತ್ತದೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ದಾರಿಯಲ್ಲಿಯೂ ಹದಿನೈದು ಕಾರುಗಳು ಒಂದೇ ಸಾಲಾಗಿ ಹೋಗುವುದು ಬೇಡ. ಐದೈದರ ಮೂರು ತಂಡಗಳು ಹತ್ತು ನಿಮಿಷದ ಅಂತರದಲ್ಲಿ ಹೊರಡಲಿ. ಪ್ರತಿ ತಂಡದ ಮೊದಲ ಕಾರಿನಲ್ಲಿ ದಾರಿ ಬಲ್ಲವರು, ಕೊನೆಯ ಕಾರಿನಲ್ಲಿ ಸ್ಪ್ಯಾನರ್ ಹಿಡಿದು ಗೊತ್ತಿರುವವರು ಇರಬೇಕು. ಅತಿ ನಿಧಾನದ ಕಾರು ಮೊದಲಿನವರ ಬೆನ್ನಿಗೇ ಇರಲಿ, ಹಿಂದೆ ಹಾಕಿದರೆ ಅದು ದಿನವಿಡೀ ಓಡುತ್ತ ಹಿಡಿಯಬೇಕಾಗುತ್ತದೆ. ನಿಯಮ ಒಂದೇ ಸಾಕು: ಪ್ರತಿಯೊಬ್ಬ ಚಾಲಕನೂ ತನ್ನ ಹಿಂದಿನ ಕಾರಿಗೆ ಹೊಣೆ. ತಿರುವು ಬಂದಾಗ ಹಿಂದಿನವರಿಗೆ ನೀವು ಕಾಣುವವರೆಗೆ ಸುರಕ್ಷಿತ ಜಾಗದಲ್ಲಿ ಕಾಯಬೇಕು, ಅವರು ಕಂಡ ಮೇಲೆ ಹೊರಡಬೇಕು. ಇದನ್ನು ಪಾಲಿಸಿದರೆ ಮುಂದಿನ ಕಾರು ಕಣ್ಮರೆಯಾಯಿತೆಂದು ಯಾರೂ ಗಾಬರಿಯಿಂದ ವೇಗ ಹೆಚ್ಚಿಸುವುದಿಲ್ಲ.

ಜಾರ್ಜಿಯಾದಲ್ಲಿ 2018ರ ಜುಲೈ 1ರಿಂದ ಚಾಲಕರು ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಆದುದರಿಂದ ವಾಟ್ಸ್ಆ್ಯಪ್ ಗುಂಪು ಹೊರಡುವವರೆಗೆ ಮಾತ್ರ, ರಸ್ತೆಯಲ್ಲಿ ವಾಕಿಟಾಕಿ, ಅದೂ ಪಕ್ಕದಲ್ಲಿ ಕೂತವರ ಕೈಯಲ್ಲಿ. ಎಫ್‌ಆರ್‌ಎಸ್ ಎಂಬ ಅಗ್ಗದ ಬಗೆಗೆ ಪರವಾನಗಿ ಬೇಕಿಲ್ಲ, ಐದು ಕಾರುಗಳ ತಂಡಕ್ಕೆ ಅದು ಸಾಕು. ಇನ್ನೂ ದೂರ ಕೇಳಿಸಬೇಕೆಂದರೆ ಜಿಎಂಆರ್‌ಎಸ್ ಇದೆ. ಅದಕ್ಕೆ ಪರೀಕ್ಷೆಯಿಲ್ಲದ ಪರವಾನಗಿ ಪಡೆಯಬೇಕು, ಅದು ಕುಟುಂಬದವರಿಗೆಲ್ಲ ಸಲ್ಲುತ್ತದೆ.

ಕಾರುಗಳ ಸಿದ್ಧತೆಯ ಬಗ್ಗೆ ನಿಮ್ಮ ಸದಸ್ಯರಿಗೆ ನಾನು ಹೇಳಿಕೊಡಬೇಕಾದ್ದು ಹೆಚ್ಚಿಲ್ಲ, ಆದರೆ ಟೈರಿನ ವಯಸ್ಸನ್ನು ಹಳೆಯ ಕಾರಿನವರು ಮರೆಯುತ್ತಾರೆ. ವರ್ಷಕ್ಕೆ ಸಾವಿರ ಮೈಲಿ ಓಡುವ ಕಾರಿನ ಟೈರಿನಲ್ಲಿ ಗೀರುಗಳು ಹೊಸದರಂತೆಯೇ ಕಾಣುತ್ತವೆ, ರಬ್ಬರು ಮಾತ್ರ ಒಳಗೇ ಒಣಗಿರುತ್ತದೆ. ಟೈರಿನ ಪಕ್ಕದಲ್ಲಿ ಡಿಓಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ: 2314 ಎಂದಿದ್ದರೆ ಅದು 2014ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರಿನ ಕಾರನ್ನು ಈ ಪ್ರವಾಸಕ್ಕೆ ಸೇರಿಸಿಕೊಳ್ಳಬೇಡಿ; ಸದಸ್ಯರು ಎಷ್ಟೇ ಹಳಬರಾಗಿರಲಿ, ಈ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಉಳಿದಂತೆ ಕೂಲೆಂಟ್, ಬ್ರೇಕ್ ದ್ರವ, ಬೆಲ್ಟುಗಳನ್ನು ಒಂದು ತಿಂಗಳು ಮೊದಲೇ ನೋಡಿಸಲಿ, ಹಿಂದಿನ ದಿನ ಅಲ್ಲ. ಹಳೆಯ ಕಾರುಗಳ ವಿಶೇಷ ವಿಮೆಯಲ್ಲಿ ಎಷ್ಟು ಓಡಿಸಬಹುದು, ಯಾವ ಉದ್ದೇಶಕ್ಕೆ ಓಡಿಸಬಹುದು ಎಂಬ ಮಿತಿಗಳಿರುವುದುಂಟು, ಪ್ರತಿಯೊಬ್ಬರೂ ತಮ್ಮ ಪಾಲಿಸಿಯನ್ನು ತಾವೇ ಓದಿಕೊಳ್ಳಬೇಕು.

ಊರಿನಲ್ಲಿ ಕಾರು ನಿಂತೇ ಇರಬೇಕೆಂದರೆ ಕಾರ್ ಕ್ಲಬ್ಬಿನವರು ಬಂದು ಏನು ಪ್ರಯೋಜನ ಎಂದು ನೀವು ಕೇಳಬಹುದು. ಉತ್ತರ ಊರಿನ ದಕ್ಷಿಣ ಮತ್ತು ಪೂರ್ವದ ಹೊರವಲಯದಲ್ಲಿದೆ. ಅಮೆರಿಕದ ಮೊದಲ ಗ್ರ್ಯಾಂಡ್ ಪ್ರಿಕ್ಸ್ ಓಟ ನಡೆದದ್ದು ಸವಾನ್ನಾದ ಸಾರ್ವಜನಿಕ ರಸ್ತೆಗಳಲ್ಲಿ. 1908ರ ನವೆಂಬರ್ 26ರಂದು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಸುಮಾರು 25 ಮೈಲಿಯ ಸುತ್ತನ್ನು ಹದಿನಾರು ಬಾರಿ ಹಾಕಿ, ಆರು ಗಂಟೆಗೂ ಹೆಚ್ಚು ಕಾಲ ಓಡಿಸಿದ ಮೇಲೆ, ಫಿಯಟ್ ಓಡಿಸಿದ ಲೂಯಿ ವ್ಯಾಗ್ನರ್ ಬೆಂಜ್ ಓಡಿಸಿದ ವಿಕ್ಟರ್ ಎಮರಿಗಿಂತ 56 ಸೆಕೆಂಡು ಮೊದಲು ಬಂದನು. 1910ರಲ್ಲಿ ಡೇವಿಡ್ ಬ್ರೂಸ್-ಬ್ರೌನ್ ಅದೇ ಎಮರಿಯನ್ನು ಎರಡು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಸೋಲಿಸಿದನು, 1911ರಲ್ಲಿಯೂ ಅವನೇ ಗೆದ್ದನು. ಆ ರಸ್ತೆಗಳನ್ನು ಓಟಕ್ಕಾಗಿ ನುಣುಪು ಮಾಡಿದ್ದು ಕೈದಿಗಳ ದುಡಿಮೆಯಿಂದ, ಸುತ್ತಲೂ ಕಾವಲಿಗೆ ನಿಂತದ್ದು ರಾಜ್ಯದ ಸೈನಿಕರು. ಅಂದಿನ ಎಸ್ಟಿಲ್ ಅವೆನ್ಯೂ ಇಂದಿನ ವಿಕ್ಟರಿ ಡ್ರೈವ್. ಶನಿವಾರ ಬೆಳಿಗ್ಗೆ ಅಲ್ಲಿಂದ ಹೊರಟು ಸ್ಕಿಡವೇ ರಸ್ತೆ, ಐಲ್ ಆಫ್ ಹೋಪ್, ಫರ್ಗ್ಯುಸನ್ ಅವೆನ್ಯೂ, ವೈಟ್‌ಫೀಲ್ಡ್ ಅವೆನ್ಯೂ ಹಾದು ಒಂದು ಸುತ್ತು ಬನ್ನಿ. ಅಂದಿನ ಸುತ್ತಿನ ಸೀಮೆಯಲ್ಲೇ ಓಡಿಸಿದಂತಾಗುತ್ತದೆ. ರಸ್ತೆಯ ಎರಡೂ ಬದಿಯ ಓಕ್ ಮರಗಳು ಮೇಲೆ ಸೇರಿಕೊಂಡು, ಅವುಗಳಿಂದ ಬೂದುಬಣ್ಣದ ಪಾಚಿ ಜೋಲುತ್ತಿರುತ್ತದೆ. ಈಗ ಅವು ಮನೆಗಳಿರುವ ರಸ್ತೆಗಳು, ನಿಗದಿತ ವೇಗ ಮೀರಬಾರದು. ಯಾರೂ ಸಮಯ ಅಳೆಯಲೂಬಾರದು, ಏಕೆಂದರೆ ಸಮಯ ಅಳೆದ ಕೂಡಲೇ ವಿಮೆಯವರ ದೃಷ್ಟಿಯಲ್ಲಿ ಅದು ಸ್ಪರ್ಧೆ ಎನಿಸಿಕೊಳ್ಳಬಹುದು, ಸ್ಪರ್ಧೆಗೆ ವಿಮೆ ಸಲ್ಲುವುದಿಲ್ಲ. ಹಾಗೆಯೇ ಫೋರ್ಸಿತ್ ಪಾರ್ಕಿನ ಬಳಿ ಕಾರುಗಳನ್ನು ಸಾಲಾಗಿ ಪ್ರದರ್ಶನಕ್ಕೆ ನಿಲ್ಲಿಸುವುದಾದರೆ ನಗರಾಡಳಿತದ ಅನುಮತಿ ಮೊದಲೇ ಬೇಕು.

ಶನಿವಾರ ಮಧ್ಯಾಹ್ನವನ್ನು ಹಳೆಯ ಊರಿಗೆ ಇಡಿ. ಬುಲ್ ಸ್ಟ್ರೀಟಿನ ಉದ್ದಕ್ಕೂ ನದಿಯಿಂದ ಫೋರ್ಸಿತ್ ಪಾರ್ಕಿನ 1858ರ ಕಾರಂಜಿಯವರೆಗೆ ನಡೆದರೆ ಐದು ಚೌಕಗಳು ಸಿಗುತ್ತವೆ. ಈ ಚೆಲುವಿನ ಹಿಂದಿನ ಹಣ ಹತ್ತಿಯದು, ಆ ಹತ್ತಿ ಗುಲಾಮರು ಬೆಳೆದದ್ದು. ಓವೆನ್ಸ್-ಥಾಮಸ್ ಮನೆಯಲ್ಲಿ ಒಡೆಯರ ಕೋಣೆಗಳ ಜೊತೆಗೇ ಗುಲಾಮರ ವಾಸದ ಕಟ್ಟಡವನ್ನೂ ತೋರಿಸುತ್ತಾರೆ, ಗುಂಪಿಗೆ ಮುಂಚೆಯೇ ಟಿಕೆಟ್ ಮಾಡಿಸಿ. 1859ರ ಮಾರ್ಚ್ 2 ಮತ್ತು 3ರಂದು ಊರಿನ ಪಶ್ಚಿಮಕ್ಕಿದ್ದ ಕುದುರೆ ಓಟದ ಮೈದಾನದಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು, ಮಕ್ಕಳನ್ನೂ ಸೇರಿಸಿ, ಹರಾಜು ಹಾಕಿದರು. ಅಲ್ಲಿ ಈಗ ಒಂದು ಫಲಕವಿದೆ. ಒಡೆಯರ ಮನೆಗಳ ಅಂದವನ್ನಷ್ಟೇ ನೋಡಿ ಬರುವ ಪ್ರವಾಸವನ್ನು ನಾನು ಶಿಫಾರಸು ಮಾಡಲಾರೆ.

ಊಟದ ವಿಷಯ ಸಸ್ಯಾಹಾರಿ ಕುಟುಂಬಗಳಿಗಾಗಿ. ಅಲ್ಲಿನ ಕಾಲರ್ಡ್ ಸೊಪ್ಪಿನ ಪಲ್ಯವನ್ನು ಸಾಮಾನ್ಯವಾಗಿ ಹಂದಿಮಾಂಸದೊಡನೆ ಬೇಯಿಸುತ್ತಾರೆ, ಕೆಂಪು ಅನ್ನಕ್ಕೂ ಅದರ ಚೂರು ಬೀಳುತ್ತದೆ. ತರಕಾರಿ ಎಂದು ಪಟ್ಟಿಯಲ್ಲಿ ಬರೆದಿದ್ದರೂ ಕೇಳಿಯೇ ತಿನ್ನಬೇಕು. ದಾರಿಬದಿಯಲ್ಲಿ ಉಪ್ಪುನೀರಿನಲ್ಲಿ ಬೇಯಿಸಿ ಮಾರುವ ಕಡಲೆಕಾಯಿಗೆ ಮಾತ್ರ ನಮ್ಮವರಿಗೆ ಯಾರ ಪರಿಚಯವೂ ಬೇಕಿಲ್ಲ, ಬಸವನಗುಡಿಯ ಪರಿಷೆ ನೆನಪಾದೀತು. ಮೂವತ್ತು ಜನ ಒಂದೇ ಕಡೆ ಕೂರುವ ಊಟ ಒಂದು ರಾತ್ರಿಗೆ ಸಾಕು, ಉಳಿದ ಹೊತ್ತು ಗುಂಪು ಚದುರಲಿ. ಹಳೆಯ ಊರಿನಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ಬೀದಿಯಲ್ಲಿ ನಡೆಯಲು ಅವಕಾಶವಿದೆ. ಕಾರುಗಳು ನದಿಯಾಚೆ ಇರಲಿ ಎಂದದ್ದಕ್ಕೆ ಅದೂ ಒಂದು ಕಾರಣ.

ಭಾನುವಾರ ಬೆಳಿಗ್ಗೆ ಯು.ಎಸ್. 80ರ ಕೊನೆಯ ಹದಿನೆಂಟು ಮೈಲಿಯನ್ನು ಟೈಬೀ ದ್ವೀಪದವರೆಗೆ ಓಡಿಸಿ. ಎರಡು ಕಡೆಯೂ ಜೌಗುಹುಲ್ಲು, ನಡುವೆ ತಗ್ಗಿನಲ್ಲಿ ರಸ್ತೆ. ಹುಣ್ಣಿಮೆ ಅಮಾವಾಸ್ಯೆಯ ಸುಮಾರಿಗೆ ಉಬ್ಬರ ಹೆಚ್ಚಾದಾಗ, ಅದರಲ್ಲೂ ಶರತ್ಕಾಲದಲ್ಲಿ, ಈ ರಸ್ತೆಯ ಮೇಲೆ ಉಪ್ಪುನೀರು ಬರುವುದುಂಟು; ಹೊರಡುವ ಮೊದಲು ಅಂದಿನ ಉಬ್ಬರದ ವೇಳಾಪಟ್ಟಿ ನೋಡಿ, ಅನುಮಾನವಿದ್ದರೆ ಇಳಿತದ ಹೊತ್ತಿಗೆ ಹೋಗಿ. ದಾರಿಯಲ್ಲಿ ಸಿಗುವ ಪುಲಾಸ್ಕಿ ಕೋಟೆಯ ಇಟ್ಟಿಗೆ ಗೋಡೆಗಳನ್ನು 1862ರ ಏಪ್ರಿಲ್‌ನಲ್ಲಿ ಟೈಬೀಯಿಂದ ಹಾರಿಸಿದ ಹೊಸ ಬಗೆಯ ಫಿರಂಗಿಗಳು ಸುಮಾರು ಮೂವತ್ತು ಗಂಟೆಗಳಲ್ಲಿ ಒಡೆದವು. ಗುಂಡಿನ ಗುರುತುಗಳು ಈಗಲೂ ಗೋಡೆಯಲ್ಲಿವೆ.

ಹಿಂದಿರುಗುವಾಗ ಸಾಲೂ ಬೇಡ, ತಂಡಗಳೂ ಬೇಡ. ಸೋಮವಾರ ಕೆಲಸವಿರುವವರು ಊಟ ಮುಗಿಸಿ ಹೆದ್ದಾರಿ 16 ಹಿಡಿಯಲಿ, ಹೊತ್ತಿದ್ದವರು ಬಂದ ದಾರಿಯಲ್ಲೇ ಮರಳಲಿ. ಒಂಟಿಯಾಗಿ ಹೊರಡುವವರು ಮನೆ ತಲುಪಿದ ಮೇಲೆ ಗುಂಪಿಗೆ ಒಂದು ಸಾಲು ಬರೆಯುವಂತೆ ಹೇಳಿಡಿ. ಟೈಬೀಗೆ ಹೋಗಿಬಂದ ಪ್ರತಿಯೊಂದು ಕಾರಿನ ತಳಭಾಗವನ್ನೂ ಎರಡು ದಿನದೊಳಗೆ ಸಿಹಿನೀರಿನಿಂದ ತೊಳೆಸಬೇಕು.